ಹಿತ್ತಲಿನ ಮರ, ಊರೆಲ್ಲದರ ಜಗಳ: ಆಮ್‌ಸ್ಟರ್‌ಡ್ಯಾಮ್‌ನ ಒಂದು ಚೆಸ್ಟ್‌ನಟ್ ಪ್ರಕರಣ

'ಆನ್ ಫ್ರಾಂಕ್ ಮರ' ಅಂತ ಎಲ್ಲರೂ ಕರೆದ ಆ ಮರ ಆನ್ ಫ್ರಾಂಕ್ ಇದ್ದ ಮನೆಗೆ ಸೇರಿದ್ದಲ್ಲ. ಈ ಪ್ರಕರಣದ ಅರ್ಧ ತೊಡಕು ಇಲ್ಲೇ ಇದೆ. ಆನ್ ಅಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಕಣ್ಣಿಗೆ ಬೀಳದಂತೆ ಮನೆಯವರ ಜೊತೆ ಅಡಗಿ ಕೂತು ದಿನಚರಿ ಬರೆದ ಯಹೂದಿ ಹುಡುಗಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಿನ್ಸೆನ್‌ಗ್ರಾಕ್ಟ್, ಕೈಜರ್ಸ್‌ಗ್ರಾಕ್ಟ್ ಅಂತ ಎರಡು ಕಾಲುವೆಗಳಿವೆ. ಎರಡರ ದಂಡೆಗೂ ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳು. ಈ ಸಾಲಿನ ಹಿತ್ತಲು ಆ ಸಾಲಿನ ಹಿತ್ತಲಿಗೆ ಬೆನ್ನು ಕೊಟ್ಟು ನಿಂತಿದೆ. ಬೀದಿಯಲ್ಲಿ ಹೋಗುವವರಿಗೆ ಒಳಗೆ ಇಷ್ಟು ಹಸಿರಿದೆ ಅಂತ ಗೊತ್ತೇ ಆಗುವುದಿಲ್ಲ. ಆನ್ ಅಡಗಿದ್ದ ಮನೆ ಪ್ರಿನ್ಸೆನ್‌ಗ್ರಾಕ್ಟ್ 263. ಮರ ಇದ್ದದ್ದು ಕೈಜರ್ಸ್‌ಗ್ರಾಕ್ಟ್ 188ರ ಹಿತ್ತಲಲ್ಲಿ.

ಅಂದರೆ ಜಾಗ ಒಬ್ಬರದು, ನೆನಪು ಇನ್ನೊಬ್ಬರದು. ಕಡಿಯಬೇಕೋ ಬೇಡವೋ ಅನ್ನುವ ಅಧಿಕಾರ ಮೂರನೆಯವರದು. ಯಾಕೆಂದರೆ ಆ ಊರಿನಲ್ಲಿ ಸ್ವಂತ ಹಿತ್ತಲಿನ ಮರ ಉರುಳಿಸುವುದಕ್ಕೂ ಆಡಳಿತದ ಪರವಾನಗಿ ಬೇಕು. ಮರ ಬಿದ್ದು ಯಾರಿಗಾದರೂ ಪೆಟ್ಟಾದರೆ ಮಾತ್ರ ಉತ್ತರ ಕೊಡಬೇಕಾದವರು ಜಾಗದ ಯಜಮಾನರು. ಮುಂದೆ ನಡೆದ ಜಗಳವನ್ನು ಓದುವಾಗ ಇದನ್ನು ಮರೆತರೆ ಮರ ಕಡಿಯಲು ಹೊರಟವರೆಲ್ಲ ಸುಮ್ನೆ ಖಳನಾಯಕರ ಹಾಗೆ ಕಾಣುತ್ತಾರೆ. ಅವರು ಹಾಗಿರಲಿಲ್ಲ.

ಮರದ ಪರಿಚಯ

ಇದು ತಿನ್ನುವ ಚೆಸ್ಟ್‌ನಟ್ ಅಲ್ಲ, ಕುದುರೆ ಚೆಸ್ಟ್‌ನಟ್. ಹೆಸರಷ್ಟೇ ಹತ್ತಿರ, ಕುಲವೇ ಬೇರೆ. ಇದರ ಬೀಜ ನುಣ್ಣಗೆ, ಎಣ್ಣೆ ಸವರಿದ ಕಂದು ಗೋಲಿಯ ಹಾಗೆ ಹೊಳೆಯುತ್ತದೆ. ನೋಡಿದರೆ ಬಾಯಿಗೆ ಹಾಕಿಕೊಳ್ಳೋಣ ಅನ್ನಿಸುತ್ತದೆ, ಆದರೆ ವಿಷ. ಮೂಲ ಊರು ಬಾಲ್ಕನ್ ಬೆಟ್ಟಗಳು. ನೆರಳಿಗೆ, ಹೂವಿಗೆ ಅಂತ ಯೂರೋಪಿನ ಊರೂರಲ್ಲಿ ನೆಟ್ಟರು. ಎಲೆ ನಮ್ಮ ಬೂರುಗದ ಎಲೆಯ ಹಾಗೆ, ಅಂಗೈ ಬಿಚ್ಚಿ ಹಿಡಿದಂತೆ, ಐದೋ ಏಳೋ ಬೆರಳು.

ಹೆಸರಲ್ಲಿ ಕುದುರೆ ಯಾಕೆ ಬಂತು ಅನ್ನುವುದಕ್ಕೆ ಹಲವು ಕಥೆಗಳಿವೆ. ನನಗೆ ಇಷ್ಟವಾಗುವುದು ಕಣ್ಣಾರೆ ನೋಡಬಹುದಾದ ಒಂದು ಗುರುತು. ಚಳಿಗಾಲಕ್ಕೆ ಮುಂಚೆ ಎಲೆ ಉದುರಿದಾಗ ರೆಂಬೆಯ ಮೇಲೆ ಒಂದು ಕಲೆ ಉಳಿಯುತ್ತದೆ. ಹತ್ತಿರ ಹಿಡಿದು ನೋಡಿದರೆ ಥೇಟ್ ಕುದುರೆ ಲಾಳ. ಲಾಳದ ಅಂಚಿಗೆ ಮೊಳೆ ಹೊಡೆದ ಹಾಗೆ ಚುಕ್ಕಿಗಳೂ ಇರುತ್ತವೆ. ಎಲೆಗೆ ನೀರು ಸಾಗಿಸುತ್ತಿದ್ದ ನಾಳಗಳು ಮುಚ್ಚಿಕೊಂಡ ಜಾಗ ಅದು. ಆ ಕಲೆಯ ಮೇಲೆ ಅಂಟಂಟು ಮೊಗ್ಗು ಕೂತಿರುತ್ತದೆ, ವಸಂತಕ್ಕೆ ಕಾಯುತ್ತಾ.

ಹಿತ್ತಲಿನ ಈ ಮರವನ್ನು ನೆಟ್ಟದ್ದು 19ನೇ ಶತಮಾನದ ನಡುವಿನಲ್ಲಿ. ಬೀಳುವ ಹೊತ್ತಿಗೆ ವಯಸ್ಸು 150 ದಾಟಿತ್ತು. ತೂಕ ಸುಮಾರು 27 ಟನ್ ಅಂತ ಲೆಕ್ಕ ಹಾಕಿದ್ದರು.

ಕಿಟಕಿ

ಫ್ರಾಂಕ್ ಕುಟುಂಬ ಅಡಗಿಕೊಂಡದ್ದು 1942ರ ಜುಲೈ 6ರಂದು. ಸಿಕ್ಕಿಬಿದ್ದದ್ದು 1944ರ ಆಗಸ್ಟ್ 4ರಂದು. ಎರಡು ವರ್ಷಕ್ಕೂ ಮೇಲೆ, ಕೊನೆಗೆ ಎಂಟು ಜನ, ಹೊರಗೆ ಕಾಲಿಡದೆ ಬದುಕಿದರು. ಕಿಟಕಿಗಳಿಗೆಲ್ಲ ಪರದೆ. ಅಟ್ಟದ ಕಿಟಕಿಯಿಂದ ಮಾತ್ರ ಹೊರಗೆ ನೋಡಬಹುದಿತ್ತು. ಅಲ್ಲಿಂದ ಕಾಣುತ್ತಿದ್ದದ್ದು ಒಂದಿಷ್ಟು ಆಕಾಶ, ಮನೆಗಳ ಛಾವಣಿ, ಈ ಮರ.

ದಿನಚರಿಯಲ್ಲಿ ಮರದ ಮಾತು ಬರುವುದು ಬರೀ ಮೂರು ಸಲ, ಮೂರೂ 1944ರಲ್ಲಿ. ಫೆಬ್ರವರಿ 23ರಂದು ಮರ ಬೋಳು. ಕೊಂಬೆಗಳ ಮೇಲೆ ನೀರಹನಿ ಹೊಳೆಯುತ್ತಿವೆ, ಕಡಲಹಕ್ಕಿಗಳು ಹಾರುತ್ತಿವೆ. ಏಪ್ರಿಲ್ 18ಕ್ಕೆ ಮರ ಹಸಿರಾಗಿದೆ, ಅಲ್ಲೊಂದು ಇಲ್ಲೊಂದು ಹೂ ಕಾಣುತ್ತಿದೆ. ಮೇ 13ಕ್ಕೆ ಮರದ ತುಂಬ ಹೂ, ಹೋದ ವರ್ಷಕ್ಕಿಂತ ಚೆಂದ ಅಂತ ಬರೆದಿದ್ದಾಳೆ. ಅವಳಿಗೆ ಆಗ 14, ಇನ್ನೊಂದು ತಿಂಗಳಿಗೆ 15. ಕ್ಯಾಲೆಂಡರ್ ನೋಡುವ ಹಾಗೆ ಮರ ನೋಡಿದ್ದಾಳೆ. ಹೋದ ವರ್ಷದ ಹೂವಿನ ಜೊತೆ ಹೋಲಿಸುತ್ತಿದ್ದಾಳೆ ಅಂದರೆ ಹೋದ ವರ್ಷವೂ ಅಷ್ಟೇ ಗಮನ ಕೊಟ್ಟು ನೋಡಿದ್ದಳು ಅಂತಲೇ ಅಲ್ವಾ?

ಎಂಟು ಜನರಲ್ಲಿ ಬದುಕಿ ಬಂದದ್ದು ಅವಳ ಅಪ್ಪ ಒಟ್ಟೊ ಫ್ರಾಂಕ್ ಒಬ್ಬರೇ. 1968ರ ಒಂದು ಭಾಷಣದಲ್ಲಿ ಅವರು ಈ ಮರದ ಬಗ್ಗೆ ಮಾತಾಡಿದ್ದಾರೆ. ಮಗಳಿಗೆ ಆ ತುಂಡು ಆಕಾಶ, ಆ ಹಕ್ಕಿಗಳು, ಆ ಮರ ಅಷ್ಟು ಮುಖ್ಯ ಅಂತ ತನಗೆ ಗೊತ್ತೇ ಇರಲಿಲ್ಲ, ಅವಳು ಮೊದಲು ಇಂಥದ್ದರಲ್ಲಿ ಆಸಕ್ತಿ ತೋರಿಸಿದವಳೇ ಅಲ್ಲ ಅಂದರು. ಎರಡು ವರ್ಷ ಅದೇ ಸೂರಿನಡಿ ಇದ್ದ ಅಪ್ಪ ಹೇಳಿದ ಮಾತು ಇದು. ಮುಂದೆ ಈ ಮರಕ್ಕಾಗಿ ಅಷ್ಟು ಜನ ಯಾಕೆ ಎದ್ದು ನಿಂತರು ಅಂತ ತಿಳಿಯಲು ನನಗೆ ಇದೊಂದು ಸಾಕು.

ಕಾಯಿಲೆ

ಮೊದಲ ಪೆಟ್ಟು ಬಿದ್ದದ್ದು ಬೇರಿಗೆ. ನೆಲದಡಿ ಹೂತಿದ್ದ ಟ್ಯಾಂಕ್‌ನಿಂದ ಇಂಧನ ತೈಲ ಸೋರಿ ಮಣ್ಣಿಗೆ ಸೇರಿತು. 1993ರಲ್ಲಿ ನಗರಾಡಳಿತ ಮಣ್ಣು ಶುದ್ಧ ಮಾಡಿಸಿ ಮರ ಉಳಿಸಿತು. ಯೂರೊ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 1,60,000 ಖರ್ಚು. ಒಂದು ಮರಕ್ಕೆ ಅಷ್ಟಾ ಅನ್ನಬಹುದು. ಆಗ ಯಾರೂ ಜಗಳ ಆಡಲಿಲ್ಲ, ಗಮನಿಸಿ.

ಆಮೇಲೆ ಬಂದದ್ದು ಎಲೆ ಕೊರೆಯುವ ಹುಳು. 1980ರ ದಶಕದಲ್ಲಿ ಮೆಸಿಡೋನಿಯಾದ ಓಹ್ರಿಡ್ ಸರೋವರದ ಹತ್ತಿರ ಕಣ್ಣಿಗೆ ಬಿದ್ದ ಪುಟ್ಟ ಪತಂಗದ ಮರಿ ಇದು. ಕೆಲವೇ ವರ್ಷಗಳಲ್ಲಿ ಯೂರೋಪಿನ ಬಹುಭಾಗಕ್ಕೆ ಹರಡಿತು. ಹುಳ ಎಷ್ಟು ಸಣ್ಣದೆಂದರೆ ಎಲೆಯ ಮೇಲ್ಪದರ ಮತ್ತು ಕೆಳಪದರದ ನಡುವೆಯೇ ಅದರ ಸಂಸಾರ. ಎಲೆಯನ್ನು ಬೆಳಕಿಗೆ ಹಿಡಿದರೆ ಕಂದು ಪಟ್ಟೆಯೊಳಗೆ ಹುಳದ ನೆರಳು, ಹಿಂದೆ ಅದರ ಹಿಕ್ಕೆಯ ಕಪ್ಪು ಪುಡಿ ಕಾಣುತ್ತದೆ. ಬೇಸಿಗೆಯ ನಡುವಿಗೇ ಮರ ಶರತ್ಕಾಲ ಬಂದಂತೆ ಒಣಗಿ ನಿಲ್ಲುತ್ತದೆ. ಇದರಿಂದ ಮರ ಸಾಯುವುದಿಲ್ಲ. ಆದರೆ ಊಟ ಮಾಡಿಕೊಳ್ಳುವ ದಿನಗಳು ಪ್ರತಿ ವರ್ಷ ಕಡಿಮೆಯಾಗುತ್ತವೆ.

ನಿಜವಾದ ವೈರಿ ಅಣಬೆ. ಕೊಡೆ ಬಿಚ್ಚುವ ಜಾತಿಯಲ್ಲ. ಕಾಂಡಕ್ಕೆ ಶೆಲ್ಫ್ ಹೊಡೆದ ಹಾಗೆ ಗಟ್ಟಿಯಾಗಿ ಚಾಚಿಕೊಳ್ಳುವ ಗ್ಯಾನೊಡರ್ಮಾ. ಹೊರಗೆ ಆ ಹಲಗೆ ಕಾಣುವ ಹೊತ್ತಿಗೆ ಒಳಗೆ ಎಷ್ಟೋ ವರ್ಷದ ಕೆಲಸ ಆಗಿರುತ್ತದೆ. ಕಾಂಡದ ಒಳಗಿನ ಗಟ್ಟಿ ಕಟ್ಟಿಗೆಯಾದ ಚೇಗನ್ನು ಮೆಲ್ಲಗೆ ತಿಂದು ಮೆತ್ತಗೆ ಮಾಡುತ್ತದೆ. 2005ರಲ್ಲಿ ಮರದ ಮೇಲ್ಭಾಗ ಸವರಿ ಭಾರ ಇಳಿಸಿದರು. ಪರೀಕ್ಷೆ ಮಾಡಿದವರು ಹೇಳಿದ್ದು: ನೂರಕ್ಕೆ 42 ಭಾಗ ಮರ ಲಡ್ಡಾಗಿದೆ, ಅಂದರೆ ಕೊಳೆತಿದೆ, ಇನ್ನು ಉಳಿಯುವುದಿಲ್ಲ.

42 ಅಂದರೆ ಎಷ್ಟು?

ಈ ಅಂಕಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಯಾಕೆಂದರೆ ಎರಡೂ ಕಡೆಯವರು ಒಂದೇ ಮರ ನೋಡಿ ಎರಡು ಮಾತು ಹೇಳಿದರು, ಇಬ್ಬರೂ ಸುಳ್ಳು ಹೇಳಿದವರಲ್ಲ.

ಮರದಲ್ಲಿ ಜೀವ ಇರುವುದು ಹೆಚ್ಚಾಗಿ ತೊಗಟೆಯ ಕೆಳಗಿನ ಹೊರ ಪದರಗಳಲ್ಲಿ. ಒಳಗಿನ ಚೇಗು ಸತ್ತ ಕಟ್ಟಿಗೆ, ಆನಿಸಿಕೊಂಡು ನಿಲ್ಲಲು ಇರುವ ಕಂಬ. ಅದು ಲಡ್ಡಾದರೂ ಮರ ಚಿಗುರುತ್ತದೆ, ಹೂ ಬಿಡುತ್ತದೆ. ಪೊಟರೆ ಬಿದ್ದ ಮರ ನೂರಾರು ವರ್ಷ ನಿಂತ ಉದಾಹರಣೆ ಬೇಕಾದಷ್ಟಿವೆ. ಗಾಳಿ ಮರವನ್ನು ಬಗ್ಗಿಸಿದಾಗ ಎಳೆತವನ್ನು ಜಾಸ್ತಿ ಹೊರುವುದು ಕಾಂಡದ ಹೊರ ಅಂಚು. ನಟ್ಟನಡುವಿನ ಕಟ್ಟಿಗೆಗೆ ಅಷ್ಟು ಕೆಲಸವಿಲ್ಲ. ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಯಾಗಿದ್ದೂ ಗಟ್ಟಿ ಇರುವುದು ಇದೇ ಕಾರಣಕ್ಕೆ.

ಲೆಕ್ಕ ಮಾಡಿ ನೋಡೋಣ. ಆ 42 ಭಾಗ ಲಡ್ಡು ಕಾಂಡದ ಸರಿಯಾಗಿ ನಡುವೆ, ದುಂಡಗೆ ಇದೆ ಅಂದುಕೊಳ್ಳಿ. ಆಗ ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಕಳೆದುಹೋಗುವುದು 0.42ರ ವರ್ಗ, ಅಂದರೆ ನೂರಕ್ಕೆ 18ರಷ್ಟು. ಅಷ್ಟೇ! ಉಳಿದ ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, 0.35ರಷ್ಟು. ಮರ ಪರೀಕ್ಷಿಸುವವರು ಬಳಸುವ ಒಂದು ಅಳತೆ ಇದೆ. ಜರ್ಮನಿಯ ಕ್ಲಾಸ್ ಮ್ಯಾಟೆಕ್ ಮುರಿದುಬಿದ್ದ ಮತ್ತು ನಿಂತ ಟೊಳ್ಳು ಮರಗಳನ್ನು ಅಳೆದು ಹೇಳಿದ್ದು. ಗಟ್ಟಿ ಗೋಡೆ ತ್ರಿಜ್ಯದ 0.3ಕ್ಕಿಂತ ತೆಳ್ಳಗಾದರೆ ಮುರಿಯುವ ಭಯ ಏರುತ್ತದೆ ಅಂತ. ನಮ್ಮ ಲೆಕ್ಕದ ಮರ ಆ ಗೆರೆಯ ಈಚೆ, ಗೆರೆಗೆ ತಾಗಿಕೊಂಡೇ ನಿಂತಿದೆ.

ಆದರೆ ಇದು ಕಾಗದದ ಮೇಲಿನ ಮರ. ಅಣಬೆ ಕಂಪಾಸ್ ಹಿಡಿದು ದುಂಡಗೆ ತಿನ್ನುವುದಿಲ್ಲ. ಒಂದು ಮಗ್ಗುಲಿಗೆ ಜಾಸ್ತಿ ತಿಂದು ಅಂಚನ್ನು ಮುಟ್ಟಿಬಿಟ್ಟರೆ 18 ಅನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಮೇಲಾಗಿ ಈ ಜಾತಿಯ ಅಣಬೆಗೆ ಬುಡದ ಹತ್ತಿರವೇ ವಾಸ. ಸನ್ನೆಕೋಲಿನ ಹಾಗೆ ಇಡೀ ಮರದ ಸೆಳೆತ ಬಂದು ಬೀಳುವುದೂ ಅಲ್ಲಿಗೇ. ಜೊತೆಗೆ ಈ ಗೆರೆ ಇಂದಿನ ಮರಕ್ಕೆ. ಅಣಬೆ ಪ್ರತಿ ವರ್ಷ ಒಳಗಿಂದ ತಿನ್ನುತ್ತದೆ, ಮರ ಪ್ರತಿ ವರ್ಷ ಹೊರಗೆ ಒಂದು ಉಂಗುರ ಕಟ್ಟುತ್ತದೆ. ಯಾರು ಬೇಗ ಅನ್ನುವುದೇ ಪ್ರಶ್ನೆ. ಎಲೆ ಹುಳದಿಂದ ಅರೆಹೊಟ್ಟೆಯಲ್ಲಿದ್ದ ಮರಕ್ಕೆ ಉಂಗುರ ಕಟ್ಟುವ ಕಸುವೂ ಕಮ್ಮಿ. ಹುಳ ಕೊಲ್ಲುವುದಿಲ್ಲ ಅಂದೆನಲ್ಲ, ಕೊಲ್ಲುವವರಿಗೆ ಬಾಗಿಲು ತೆಗೆದುಕೊಡುವುದು ಹೀಗೆ.

ಒಂದು ದಿನ ಮೊದಲು

2007ರ ಮಾರ್ಚ್‌ನಲ್ಲಿ ಕಡಿಯಲು ಪರವಾನಗಿ ಸಿಕ್ಕಿತು. ತಕರಾರು ಬಂತು. ನೆರೆಯವರು, ಮರಗಳ ಪರವಾಗಿ ಕೆಲಸ ಮಾಡುವ ಡಚ್ ಸಂಸ್ಥೆ ಬೋಮೆನ್‌ಸ್ಟಿಖ್ಟಿಂಗ್ ಎದ್ದು ನಿಂತರು. ಮರ ರೋಗಿ ಇರಬಹುದು, ಆದರೆ ನಾಳೆಯೇ ಬೀಳುವಂಥದ್ದಲ್ಲ, ಆಧಾರ ಕೊಟ್ಟು ನಿಲ್ಲಿಸಬಹುದು ಅನ್ನುವುದು ಅವರ ವಾದ. ಆಡಳಿತದ ವಾದ ಬೇರೆ. ಆನ್ ಅಡಗಿದ್ದ ಮನೆ ಈಗ ಮ್ಯೂಸಿಯಂ, ಅದು ಪಕ್ಕದಲ್ಲೇ, ವರ್ಷಕ್ಕೆ ಹತ್ತು ಲಕ್ಷದಷ್ಟು ಜನ ಬಂದು ಹೋಗುವ ಕಟ್ಟಡ. 27 ಟನ್ ಅದರ ಮೇಲೆ ಬಿದ್ದರೆ?

ನವೆಂಬರ್ 21ಕ್ಕೆ ಕಡಿಯುವುದು ಅಂತ ದಿನ ನಿಗದಿಯಾಯಿತು. 20ರಂದು ನ್ಯಾಯಾಲಯ ತಡೆ ಕೊಟ್ಟಿತು. ಕಡಿಯುವುದು ಕೊನೆಯ ದಾರಿ, ಮೊದಲು ಬೇರೆ ದಾರಿ ಹುಡುಕಿ, ಎಲ್ಲರೂ ಕೂತು ಮಾತಾಡಿ ಅನ್ನುವುದು ಅದರ ಸಾರ.

ಇಲ್ಲಿ ನನಗೆ ಒಂದು ತಕರಾರಿದೆ. ಎರಡೂ ಕಡೆಯವರು ತಿಂಗಳುಗಟ್ಟಲೆ ಮರದ ಆರೋಗ್ಯದ ಬಗ್ಗೆಯೇ ವಾದ ಮಾಡಿದರು. ಎಷ್ಟು ಲಡ್ಡು, ಇನ್ನೆಷ್ಟು ವರ್ಷ, ಬದುಕುತ್ತದೋ ಇಲ್ಲವೋ. ಕೇಳಬೇಕಿದ್ದ ಪ್ರಶ್ನೆ ಅದಲ್ಲ. ಹಳೆಯ ಮರ ಒಂದು ದಿನ ಬೀಳುತ್ತದೆ. ಬಿದ್ದಾಗ ಯಾವ ಕಡೆಗೆ, ಆ ಹೊತ್ತಿಗೆ ಅಲ್ಲಿ ಯಾರಿರುತ್ತಾರೆ? ರೋಗ ಬೇರೆ, ಅಪಾಯ ಬೇರೆ. ನಿರ್ಜನ ಕಾಡಿನಲ್ಲಿ ಪೂರ್ತಿ ಲಡ್ಡಾದ ಮರದಿಂದ ಅಪಾಯ ಇಲ್ಲ. ಬಸ್‌ಸ್ಟಾಪಿನ ಮೇಲೆ ಬಾಗಿದ ಒಂದೇ ಒಂದು ಒಣ ಕೊಂಬೆಯಿಂದ ಇದೆ. ಈ ಮರ ಮುಚ್ಚಿದ ಹಿತ್ತಲುಗಳ ನಡುವೆ ಇತ್ತು. ಕೆಳಗೆ ಓಡಾಡುವವರು ಬೆರಳೆಣಿಕೆ. ಅಪಾಯ ಇದ್ದದ್ದು ಮುಖ್ಯವಾಗಿ ಕಟ್ಟಡಕ್ಕೆ, ಅದರೊಳಗಿನವರಿಗೆ. ಪ್ರಶ್ನೆಯನ್ನು ಹೀಗೆ ಇಟ್ಟಿದ್ದರೆ ಮಾತು ಬೇಗ ಮುಗಿಯುತ್ತಿತ್ತು ಅಂತ ನನ್ನ ಅನಿಸಿಕೆ. ಆದರೆ ಹೆಸರಾದ ಮರದ ಬಗ್ಗೆ ಹೀಗೆ ತಣ್ಣಗೆ ಮಾತಾಡುವುದು ಕಷ್ಟ. ಕೊಡಲಿ ಎತ್ತಿದವರಿಗೆ ಅದು ಬರೀ ಮರ, ತಡೆದವರಿಗೆ ಅದೇ ಹುಡುಗಿ.

ಉಕ್ಕಿನ ಊರುಗೋಲು

ಮಾತುಕತೆ ಫಲ ಕೊಟ್ಟಿತು. ಮರ ಉಳಿಸಲೆಂದೇ ಒಂದು ಪ್ರತಿಷ್ಠಾನ ಹುಟ್ಟಿತು. 2008ರ ವಸಂತದಲ್ಲಿ ಕಾಂಡದ ಸುತ್ತ ಉಕ್ಕಿನ ಚೌಕಟ್ಟು ನಿಂತಿತು. ಮರ ಇನ್ನೂ 5ರಿಂದ 15 ವರ್ಷ ಬಾಳಬಹುದು ಅಂತ ಅಂದಾಜು ಮಾಡಿದರು.

ಹಳೆಯ ಮರಕ್ಕೆ ಆಸರೆ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಊರುಗೋಲು ಹಿಡಿದವರನ್ನು ನೋಡಿದ್ದೀರಲ್ಲ, ಕೋಲು ಗಟ್ಟಿ ಇದ್ದರೆ ಸಾಲದು, ಕಾಲಿಗೂ ಒಂದಿಷ್ಟು ಕಸುವು ಬೇಕು. ಈ ಮರದ ಕಾಲಿಗೇ ಕಾಯಿಲೆ.

2010ರ ಆಗಸ್ಟ್ 23

ಮಧ್ಯಾಹ್ನ ಸುಮಾರು ಒಂದೂವರೆ ಗಂಟೆ. ಜೋರು ಗಾಳಿ, ಮಳೆ. ಮರ ನೆಲದಿಂದ ಒಂದು ಮೀಟರಿನಷ್ಟು ಎತ್ತರದಲ್ಲಿ ಮುರಿದು ಬಿತ್ತು. ಚೌಕಟ್ಟು ತಡೆಯಲಿಲ್ಲ. ಹಿತ್ತಲುಗಳ ಮೇಲೆ ಅಡ್ಡಡ್ಡ ಬಿದ್ದು ಒಂದು ಗೋಡೆ, ಕೆಲವು ಶೆಡ್ಡುಗಳು ಜಖಂ ಆದವು. ಯಾರಿಗೂ ಪೆಟ್ಟಾಗಲಿಲ್ಲ. ಮ್ಯೂಸಿಯಂ ಕಟ್ಟಡಕ್ಕೆ ಏನೂ ಆಗಲಿಲ್ಲ.

ಆಗಸ್ಟ್ ಅನ್ನುವುದನ್ನು ಗಮನಿಸಬೇಕು. ಚಳಿಗಾಲದಲ್ಲಿ ಎಲೆ ಉದುರಿದ ಮರದೊಳಗೆ ಗಾಳಿ ನುಗ್ಗಿ ಆಚೆ ಹೋಗುತ್ತದೆ. ಬೇಸಿಗೆಯಲ್ಲಿ ಎಲೆ ತುಂಬಿದ ಮರ ಹಾಯಿ ಬಿಚ್ಚಿದ ದೋಣಿ. ಅದೇ ವೇಗದ ಗಾಳಿ ಇನ್ನಷ್ಟು ಜೋರಾಗಿ ತಳ್ಳುತ್ತದೆ. ಎಲೆ ಮಳೆಯಲ್ಲಿ ನೆನೆದಿದ್ದರೆ ಭಾರ ಬೇರೆ. ಹಾಗಾಗಿ ಅಷ್ಟೇನೂ ಭಯಂಕರವಲ್ಲದ ಬೇಸಿಗೆ ಗಾಳಿಗೂ ದೊಡ್ಡ ಮರಗಳು ಉರುಳುವುದುಂಟು. ಮರದ ಕೆಲಸದವರಿಗೆ ಇದು ಹೊಸದೇನಲ್ಲ.

ಚೌಕಟ್ಟು ಏರಿ ಎರಡು ವರ್ಷ, ಮೇಲೆ ಕೆಲವು ತಿಂಗಳು. ಅಂದಾಜಿನ ಕೆಳಗಿನ ಅಂಚು 5 ವರ್ಷವನ್ನೂ ಮುಟ್ಟಲಿಲ್ಲ.

ಹಾಗಾದರೆ ಯಾರು ಸರಿ?

ಕಡಿಯಬೇಕು ಅಂದವರು 'ನಾವು ಹೇಳಿರಲಿಲ್ವಾ' ಅನ್ನಬಹುದು. ಮುರಿದ ಜಾಗವೂ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಬೇಡ ಅಂದವರೂ ತಿರುಗಿ ಹೇಳಬಹುದು: ಬಿತ್ತು, ಸರಿ, ಯಾರಿಗೇನಾಯಿತು? ಮರ ಮೂರು ವಸಂತ ಹೆಚ್ಚು ಕಂಡಿತು, ಹೋದದ್ದು ಒಂದು ಗೋಡೆ ಮತ್ತು ಶೆಡ್ಡು.

ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಬಿದ್ದ ದಿಕ್ಕು ಅದೃಷ್ಟ. ಗಾಳಿ ಬೇರೆ ಕಡೆಯಿಂದ ಬೀಸಿದ್ದರೆ ಇದೇ ಪ್ರಕರಣವನ್ನು ಬೇರೆ ಥರ ಬರೆಯಬೇಕಾಗುತ್ತಿತ್ತು. ಅದೃಷ್ಟ ಒಳ್ಳೆಯದಿತ್ತು ಅಂತ ನಿರ್ಧಾರವೂ ಒಳ್ಳೆಯದಿತ್ತು ಅನ್ನಲಾಗದು. ಹಾಗಂತ ನ್ಯಾಯಾಲಯದ ತಡೆಯನ್ನು ತಪ್ಪು ಅನ್ನುವುದಕ್ಕೂ ಮನಸ್ಸಿಲ್ಲ. ಕಡಿದ ಮೇಲೆ ಮತ್ತೆ ನಿಲ್ಲಿಸಲಾಗದ ಕೆಲಸದಲ್ಲಿ ಒಂದು ಸಲ ತಡೆದು ಕೇಳುವುದು ಸರಿಯೇ. ತಡೆದ ಮೇಲೆ ಹಾಕಿದ ಲೆಕ್ಕದಲ್ಲಿ ನನಗೆ ಕೊರತೆ ಕಾಣುತ್ತದೆ. 5ರಿಂದ 15 ವರ್ಷ ಅನ್ನುವ ಮಾತನ್ನು ಜನ ಭರವಸೆಯ ಹಾಗೆ ಕೇಳಿಸಿಕೊಂಡರು. ಹೇಳಿದವರಿಗೆ ಅದು ಅಂದಾಜು. ಬುಡ ಲಡ್ಡಾದ ಮರದ ಬಗ್ಗೆ ನನ್ನನ್ನು ಕೇಳಿದರೆ ವರ್ಷದ ಲೆಕ್ಕ ಹೇಳುವುದೇ ಇಲ್ಲ. ಈ ಬೇಸಿಗೆ ದಾಟಿತು, ಮತ್ತೆ ಅಳೆಯೋಣ, ಮೇಲಿನ ಭಾರ ಇನ್ನಷ್ಟು ಇಳಿಸೋಣ ಅಂತಷ್ಟೇ ಹೇಳುತ್ತೇನೆ. ಕೊಂಬೆ ಸವರಿದ ಮರ ಚೆಂದ ಕಾಣುವುದಿಲ್ಲ, ನಿಜ. ಆದರೆ ಗಾಳಿಗೆ ಸಿಗುವ ಹಾಯಿ ಚಿಕ್ಕದಾಗುತ್ತದೆ.

ಬೀಜ

ಜಗಳ ನಡೆಯುತ್ತಿದ್ದಾಗಲೇ ಇನ್ನೊಂದು ಕೆಲಸ ಸದ್ದಿಲ್ಲದೆ ಸಾಗಿತ್ತು. ಮರ ನಿಂತಿರುವಾಗಲೇ ಅದರ ಬೀಜ ಆರಿಸಿ ಸಸಿ ಮಾಡಿದರು. 2009ರಲ್ಲಿ 150 ಸಸಿಗಳು ಊರಂಚಿನ ದೊಡ್ಡ ಕಾಡುತೋಟ ಆಮ್‌ಸ್ಟರ್‌ಡಾಮ್ಸೆ ಬೋಸ್‌ಗೆ ಹೋದವು. ಅಮೆರಿಕಕ್ಕೆ ಕಳಿಸಿದ ಸಸಿಗಳಿಗೆ ಅಷ್ಟು ಸುಲಭದ ಸ್ವಾಗತ ಸಿಗಲಿಲ್ಲ. ಹೊರದೇಶದ ಮರದ ಜೊತೆ ರೋಗ ಬಂದುಬಿಟ್ಟರೆ ಅಂತ ಇಂಡಿಯಾನಾಪೊಲಿಸ್‌ನಲ್ಲಿ ಮೂರು ವರ್ಷ ಪ್ರತ್ಯೇಕವಾಗಿ ಇಟ್ಟಿದ್ದರು. ಆಮೇಲೆ 2013ರಲ್ಲಿ ಮೊದಲನೆಯದನ್ನು ಆ ಊರಿನ ಮಕ್ಕಳ ಮ್ಯೂಸಿಯಂನಲ್ಲೇ ನೆಟ್ಟರು. ಒಂದು ಸಸಿ 2014ರಲ್ಲಿ ವಾಷಿಂಗ್ಟನ್‌ನ ಕ್ಯಾಪಿಟಲ್ ಕಟ್ಟಡದ ಅಂಗಳ ಸೇರಿತು.

ಮೂರು ವರ್ಷ ಕೂಡಿಹಾಕಿದ್ದು ಅತಿಯಾಯಿತು ಅನ್ನಿಸಬಹುದು. ಆದರೆ 2000ದ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಕುದುರೆ ಚೆಸ್ಟ್‌ನಟ್‌ಗಳಲ್ಲಿ ತೊಗಟೆಯಿಂದ ಕಂದು ರಸ ಒಸರುವ ಬ್ಯಾಕ್ಟೀರಿಯಾ ರೋಗ ಹಬ್ಬಿತ್ತು. ಆ ಬ್ಯಾಕ್ಟೀರಿಯಾ ಮೊದಲು ಸಿಕ್ಕದ್ದು ಎಲ್ಲಿ ಗೊತ್ತಾ? 1969ರಲ್ಲಿ ನಮ್ಮ ದೇಶದಲ್ಲೇ, ಹಿಮಾಲಯದ ಕುದುರೆ ಚೆಸ್ಟ್‌ನಟ್‌ನ ಎಲೆಯಲ್ಲಿ. ನಮ್ಮ ಮರಕ್ಕೆ ಅದು ಬರೀ ಎಲೆಚುಕ್ಕಿ. ಯೂರೋಪಿನ ನೆಂಟನಿಗೆ ಪ್ರಾಣಸಂಕಟ.

ಈ ಸಸಿಗಳನ್ನು ಎಷ್ಟೋ ಕಡೆ 'ಅದೇ ಮರ' ಅಂತ ಹೇಳುತ್ತಾರೆ. ಅದೇ ಮರ ಬೇಕಿದ್ದರೆ ಕಸಿ ಕಟ್ಟಬೇಕು. ಬೀಜದಿಂದ ಬಂದದ್ದು ಮಗು. ಕುದುರೆ ಚೆಸ್ಟ್‌ನಟ್ ಹೂವಿನ ಮೇಲೆ ಹಳದಿ ಚುಕ್ಕೆ ಇರುತ್ತದೆ. ಜೇನು ಬರಬೇಕಾದ ದಿನಗಳು ಮುಗಿದ ಮೇಲೆ ಅದು ಕೆಂಪಗಾಗುತ್ತದೆ. ಜೇನಿನ ಕಣ್ಣಿಗೆ ಕೆಂಪು ಸರಿಯಾಗಿ ಕಾಣದು, ಹಾಗಾಗಿ ಅದು ಹಳದಿ ಇರುವ ಹೂವಿಗೇ ಹೋಗುತ್ತದೆ. ಆ ಹಳದಿ ಚುಕ್ಕೆ ಹುಡುಕಿಕೊಂಡು ಬಂದ ಜೇನಿನ ಕಾಲಿಗೆ ಕಾಲುವೆಯಾಚೆಯ ಯಾವ ಮರದ ಪರಾಗ ಅಂಟಿಕೊಂಡಿತ್ತೋ, ಯಾರು ನೋಡಿದ್ದಾರೆ? ಕ್ಯಾಪಿಟಲ್ ಅಂಗಳದ ಮರದ ಅಮ್ಮ ಯಾರು ಅಂತ ಗೊತ್ತು. ಅಪ್ಪ ಆಮ್‌ಸ್ಟರ್‌ಡ್ಯಾಮ್‌ನ ಇನ್ಯಾವುದೋ ಹಿತ್ತಲಿನವನು, ಅವನ ಹೆಸರಲ್ಲಿ ಯಾರೂ ಕೋರ್ಟಿಗೆ ಹೋಗಲಿಲ್ಲ.